ದೊರೆಗೆ ಒಂಬತ್ತಡಿ ಜಾಗ

ತೊಂದರೆ ಶುರುವಾದದ್ದು ಒಂದು ಹಿಡಿ ಒಣಹುಲ್ಲಿನಿಂದ. ಬೆಳಗಿನ ಏಳು ಗಂಟೆಗೆ, ಬೇಕರಿಯ ಹಿಂದಿನ ಲಾಯದಲ್ಲಿ ದೊರೆ ಆ ಹುಲ್ಲನ್ನು ಬಾಯಿಗೆ ತೆಗೆದುಕೊಂಡಿತು, ಅತ್ತಿತ್ತ ಹೊರಳಿಸಿತು, ಉಂಡೆ ಮಾಡಿತು, ಆಮೇಲೆ ಮನಸ್ಸು ಬದಲಾಯಿಸಿದಂತೆ ಥೂ ಎಂದು ಉಗುಳಿತು. ಉಂಡೆ ಹೋಗಿ ಬಿದ್ದದ್ದು ಬೇಕರಿ ಯಜಮಾನರ ಬೂಟಿನ ಮೇಲೆ. ಹೊಸ ವ್ಯಾನನ್ನು ಮೊದಲ ಸಲ ಬೀದಿಗಿಳಿಸುವ ದಿನವೆಂದು ಅವರು ಆ ಬೂಟಿಗೆ ಎರಡು ಸಲ ಪಾಲಿಶ್ ಮಾಡಿಸಿದ್ದರು.

"ಸಾಕಪ್ಪ ಸಾಕು!" ಎಂದರು ಯಜಮಾನರು. "ಎರಡು ತಿಂಗಳಿಂದ ಇದೇ ಗೋಳು. ತಿನ್ನಲ್ಲ, ಎಳೆಯಲ್ಲ, ಉಗುಳೋದೊಂದು ಚೆನ್ನಾಗಿ ಬರುತ್ತೆ. ದನದ ಡಾಕ್ಟ್ರಮ್ಮನಿಗೆ ಫೋನ್ ಮಾಡ್ತೀನಿ. ಐದಕ್ಕೆ ಬಂದು ಸೂಜಿ ಹಾಕಿ ಮುಗಿಸ್ಲಿ. ಆರಕ್ಕೆ ಮೂಳೆ ಮಿಲ್ಲಿನ ಲಾರಿ ಬರುತ್ತೆ."

ದೊರೆಗೆ ಇಪ್ಪತ್ತೊಂಬತ್ತು ವರ್ಷ. ಒಂದು ಕಾಲಕ್ಕೆ ಬಿಳಿ ಕುದುರೆ. ಈಗ ಹಳೆಯ ಗೋಡೆಯ ಬಣ್ಣ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಹತ್ತೊಂಬತ್ತು ವರ್ಷದಿಂದ ಅದರ ಲಗಾಮು ಹಿಡಿದು ಮನೆಮನೆಗೆ ಬ್ರೆಡ್ ಹಂಚುತ್ತಿದ್ದವನು ಬ್ರೆಡ್ಡಣ್ಣ. ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹೆಂಡತಿಗೆ ಕೋಪ ಬಂದಾಗ ಮಾತ್ರ ಅದು ಹೊರಗೆ ಬರುತ್ತಿತ್ತು.

"ಮೂಳೆ ಮಿಲ್ಲಾ?" ಬ್ರೆಡ್ಡಣ್ಣ ಲಗಾಮನ್ನು ಬಿಗಿಯಾಗಿ ಹಿಡಿದುಕೊಂಡ. "ಅಲ್ಲೇನ್ ಮಾಡ್ತಾರೆ ಯಜಮಾನ್ರೇ?"

"ಕುದಿಸ್ತಾರೆ, ಅರೀತಾರೆ. ಗೊಬ್ಬರ ಮಾಡ್ತಾರೆ, ಅಂಟು ಮಾಡ್ತಾರೆ. ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ."

ಬ್ರೆಡ್ಡಣ್ಣನ ಕಣ್ಣ ಮುಂದೆ ಮಗಳ ಶಾಲೆಚೀಲದ ಅಂಟಿನ ಬಾಟಲಿ ಬಂದು ನಿಂತಿತು. ಮಗಳು ಪುಸ್ತಕಕ್ಕೆ ಚಿಟ್ಟೆಯ ಚಿತ್ರ ಅಂಟಿಸುತ್ತಾಳೆ. ಬಾಟಲಿಯೊಳಗಿಂದ ದೊರೆ ನೋಡುತ್ತಿರುತ್ತದೆ.

"ಬೇಡ ಯಜಮಾನ್ರೇ. ಇವನನ್ನ ನಾನೇ ಮಣ್ಣು ಮಾಡ್ತೀನಿ. ಪೂರ್ತಿಯಾಗಿ, ಒಂದೇ ಕಡೆ."

"ಎಲ್ಲಿ ಮಾಡ್ತೀಯಯ್ಯ? ನಿನ್ನ ಬಾಡಿಗೆ ಮನೇಲಾ? ಸರಿ, ಆರು ಗಂಟೆಯೊಳಗೆ ಜಾಗ ಹುಡುಕು, ತಗೊಂಡು ಹೋಗು. ಇಲ್ಲ ಅಂದ್ರೆ ಲಾರಿ. ಮುಖ ಸಣ್ಣ ಮಾಡ್ಬೇಡ, ನಾಳೆಯಿಂದ ಆರಾಮಾಗಿ ವ್ಯಾನಲ್ಲಿ ಕೂರೋದಿದೆ ನಿನಗೆ." ಇಷ್ಟು ಹೇಳಿ ಯಜಮಾನರು ವ್ಯಾನಿನ ಹಿಂದಿನ ಗೇರ್ ಎಲ್ಲಿದೆಯೆಂದು ಹುಡುಕಲು ಹೋದರು.

ಕುದುರೆಯನ್ನು ಲಾಯದಲ್ಲೇ ಬಿಟ್ಟು ಹೋಗಲು ಬ್ರೆಡ್ಡಣ್ಣನಿಗೆ ಧೈರ್ಯ ಬರಲಿಲ್ಲ. ಲಾರಿಯವನು ಬೇಗ ಬಂದರೆ? ದೊರೆಯನ್ನು ಜೊತೆಗೇ ನಡೆಸಿಕೊಂಡು ಮನೆಯ ಬಾಗಿಲಿಗೆ ಬಂದ. ಹೆಂಡತಿ ಎಲ್ಲ ಕೇಳಿಸಿಕೊಂಡು, ಹಿತ್ತಲನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡಿದಳು.

"ಹಿತ್ತಲು ಇರೋದು ನಾಲ್ಕಡಿ. ಕುದುರೆ ಏನಿಲ್ಲಾಂದ್ರೂ ಒಂಬತ್ತಡಿ. ಉಳಿದ ಐದಡಿ ಎಲ್ಲಿಡ್ತೀರಿ, ಅಡುಗೆಮನೇಲಾ?"

"ಏನಾದ್ರೂ ದಾರಿ ಹೇಳೇ."

"ಊರಾಚೆ ನಮ್ಮ ಸೋದರಮಾವನ ಇಟ್ಟಿಗೆ ಗೂಡಿದೆಯಲ್ಲ, ಅಲ್ಲಿ ಬೇಕಾದಷ್ಟು ಜಾಗ. ಹೊರಡಿ. ಅಷ್ಟರಲ್ಲಿ ನಾನು ಮಾವನಿಗೆ ಹೇಳಿರ್ತೀನಿ. ಯಾರಿಗೂ ಸುದ್ದಿ ಮಾಡ್ಬೇಡಿ. ಸದ್ದಿಲ್ಲದೆ ನೇರ ಹೋಗಿಬಿಡಿ."

ಸದ್ದಿಲ್ಲದೆ ನೇರ ಹೋಗುವುದು. ಮಾತು ಸುಲಭವಾಗಿತ್ತು. ಆದರೆ ಇಟ್ಟಿಗೆ ಗೂಡಿಗೆ ಹೋಗುವ ರಸ್ತೆಯೂ ಬ್ರೆಡ್ ಹಂಚುವ ಬೀದಿಯೂ ಒಂದೇ, ಮತ್ತು ಆ ಬೀದಿಯಲ್ಲಿ ನಲವತ್ತಮೂರು ಬಾಗಿಲುಗಳಿದ್ದವು. ಹತ್ತೊಂಬತ್ತು ವರ್ಷದಲ್ಲಿ ದೊರೆ ಒಂದು ಬಾಗಿಲನ್ನೂ ತಪ್ಪಿಸಿದ್ದಿಲ್ಲ. ಗಾಡಿ ಇರಲಿ ಇಲ್ಲದಿರಲಿ, ಬಾಗಿಲು ಬಂದರೆ ನಿಲ್ಲಬೇಕು, ಮನೆಯವರು ಹೊರಗೆ ಬಂದು ಎರಡು ಮಾತಾಡಬೇಕು, ಆಮೇಲೆ ಕಾಲೆತ್ತಬೇಕು. ಅದು ದೊರೆಯ ಕಾನೂನು.

ಮೊದಲ ಬಾಗಿಲು ದರ್ಜಿ ಅಕ್ಕನದು. ದೊರೆ ನಿಂತಿತು.

"ನಡಿಯೋ, ನಡಿ ರಾಜ," ಎಂದು ಬ್ರೆಡ್ಡಣ್ಣ ಪಿಸುಗುಟ್ಟಿದ. ಎಳೆದ, ತಳ್ಳಿದ, ಹಿಂದಿನಿಂದ ಭುಜ ಕೊಟ್ಟ. ಮಹಡಿ ಮನೆಯನ್ನು ಜರುಗಿಸಲು ಹೊರಟಂತಿತ್ತು. ಗೊರಸಿನ ಸದ್ದು ಕೇಳಿ ದರ್ಜಿ ಅಕ್ಕ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದಳು.

"ಏನ್ ಬ್ರೆಡ್ಡಣ್ಣ, ಇವತ್ತು ಬರೀ ಕುದುರೆ? ಬ್ರೆಡ್ಡೆಲ್ಲಿ?"

ಸುಳ್ಳು ಹೇಳಬೇಕೆಂದು ಬ್ರೆಡ್ಡಣ್ಣ ಬಾಯಿ ತೆರೆದ. ಸುಳ್ಳಿನ ಬದಲು ಅಳು ಬಂತು. ಅರ್ಧ ನಿಮಿಷದಲ್ಲಿ ಅಕ್ಕನಿಗೆ ಸೂಜಿ, ಲಾರಿ, ಅಂಟಿನ ಬಾಟಲಿ, ಹೆಂಡತಿಯ ಒಂಬತ್ತಡಿ ಲೆಕ್ಕ ಎಲ್ಲ ಗೊತ್ತಾಯಿತು. ಇನ್ನರ್ಧ ನಿಮಿಷದಲ್ಲಿ ಬೀದಿಗೇ ಗೊತ್ತಾಯಿತು. ದರ್ಜಿ ಅಕ್ಕನ ಗಂಟಲು ಅಂಥದ್ದು. ಅವಳು ಗುಟ್ಟು ಹೇಳಿದರೂ ಆಚೆ ಮಗ್ಗುಲಿನವರು ಕಿಟಕಿ ಮುಚ್ಚುತ್ತಿದ್ದರು.

"ಅಯ್ಯೋ ನನ್ನ ಕಂದ! ಖಾಲಿ ಹೊಟ್ಟೇಲಿ ಕಳಿಸ್ತಾರೇನೋ!" ಎಂದು ಒಳಗೆ ಓಡಿ, ನಿನ್ನೆಯ ಬ್ರೆಡ್ಡನ್ನು ಬಿಸಿನೀರಿನಲ್ಲಿ ನೆನೆಸಿ, ಸಕ್ಕರೆ ಉದುರಿಸಿ ತಟ್ಟೆ ತುಂಬ ತಂದಳು. ಆಮೇಲೆ ಟೇಪು ಹಿಡಿದು ಮೂತಿಯಿಂದ ಬಾಲದವರೆಗೆ ಅಳೆದಳು. "ನಿನ್ನ ಹೆಂಡತಿ ಹೇಳಿದ್ದು ಸರಿ. ಒಂಬತ್ತಡಿ ಗುಂಡಿ ಬೇಕೇಬೇಕು. ಕೊನೇ ಪಯಣ ಬರೀಮೈಲಿ ಬೇಡ, ತಡಿ." ದೊಡ್ಡ ದೊಡ್ಡ ಕೆಂಪು ಹೂವುಗಳ ಪರದೆ ಬಟ್ಟೆಯೊಂದನ್ನು ತಂದು ದೊರೆಯ ಬೆನ್ನಿಗೆ ಹೊದಿಸಿ, ಎದೆಯ ಹತ್ತಿರ ಎರಡು ಹೊಲಿಗೆ ಹಾಕಿಯೇಬಿಟ್ಟಳು. ದೊರೆ ತಟ್ಟೆ ನೆಕ್ಕಿ ಮುಗಿಸಿ ಮುಂದೆ ಹೊರಟಿತು, ಅತ್ತೆಮನೆಗೆ ಹೊರಟ ಮದುಮಗಳಂತೆ.

ಮುಂದಿನ ಬಾಗಿಲುಗಳಲ್ಲಿ ಜನ ಮೊದಲೇ ತಟ್ಟೆ ಹಿಡಿದು ಕಾಯುತ್ತಿದ್ದರು. ಎಲ್ಲರೂ ದೊರೆಯ ಹಣೆ ಸವರಿದರು, ಕಣ್ಣೊರೆಸಿಕೊಂಡರು. ಬ್ರೆಡ್ಡಣ್ಣನಿಗೆ ಆಸೆ ಚಿಗುರಿತು. ಇಷ್ಟು ಪ್ರೀತಿಯಿರುವ ಬೀದಿಯಲ್ಲಿ ಒಂಬತ್ತಡಿ ಜಾಗ ಸಿಕ್ಕದೇ? ಇಟ್ಟಿಗೆ ಗೂಡಿನವರೆಗೂ ಯಾಕೆ ಹೋಗಬೇಕು?

ಪಿಟೀಲು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಕಣ್ಣುಮುಚ್ಚಿ ನಿಟ್ಟುಸಿರಿಟ್ಟರು.

"ಜಾಗ ಇಲ್ವಲ್ಲಯ್ಯ. ಹಿಂದೆ ಬಾವಿ, ಮುಂದೆ ಮೆಟ್ಟಿಲು. ಆದರೆ ಒಂದು ಮಾತು. ಬಾಲ ಮಾತ್ರ ಮಣ್ಣಿಗೆ ಹಾಕ್ಬೇಡ. ಪಿಟೀಲಿನ ಕಮಾನಿಗೆ ಇಂಥ ಕೂದಲು ಈ ಕಾಲದಲ್ಲಿ ಎಲ್ಲಿ ಸಿಗುತ್ತೆ? ದೊರೆ ನನ್ನ ಕೈಲಿ ಹಾಡ್ತಾ ಇರಲಿ."

ಹೈಸ್ಕೂಲಿನ ವಿಜ್ಞಾನದ ಟೀಚರಮ್ಮ ಅವನನ್ನು ಪಕ್ಕಕ್ಕೆ ಕರೆದರು. "ಹೂಳೋದು ಯಾಕೆ ಬ್ರೆಡ್ಡಣ್ಣ? ನಮ್ಮ ಪ್ರಯೋಗಶಾಲೇಲಿ ಅಸ್ಥಿಪಂಜರ ನಿಲ್ಲಿಸೋಣ. ಕಪ್ಪೆದು ಇದೆ, ಕೋಳಿದು ಇದೆ, ದೊಡ್ಡದೊಂದಿಲ್ಲ. ಕೆಳಗೆ ಒಂದು ಫಲಕದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ."

"ನನ್ನ ಹೆಸರು ಹಾಕಿದ್ರೆ ಮಕ್ಕಳು ಅದು ನಾನೇ ಅಂದ್ಕೋತಾರೆ ಟೀಚರಮ್ಮ," ಎಂದು ಬ್ರೆಡ್ಡಣ್ಣ ಕೈಮುಗಿದು ತಪ್ಪಿಸಿಕೊಂಡ.

ಚಪ್ಪಲಿ ಹೊಲಿಯುವ ತಾತ ಸುತ್ತಿಬಳಸಿ ಮಾತಾಡುವವನಲ್ಲ. ಪರದೆಯ ಅಂಚು ಎತ್ತಿ ನೋಡಿ, "ಚರ್ಮ ಇನ್ನೂ ಗಟ್ಟಿಯಾಗಿದೆ. ಮಣ್ಣಿಗೆ ಹಾಕಿದ್ರೆ ಪಾಪ ಬರುತ್ತೆ ಕಣಪ್ಪ," ಎಂದ. ಮೂಲೆಮನೆಯ ವಕೀಲರಿಗೆ ಒಂದು ಗೊರಸು ಸಾಕಿತ್ತು, ಮೇಜಿನ ಮೇಲೆ ಕಾಗದ ಹಾರದಂತೆ ಇಡಲು.

ಹೀಗೆ ಹದಿನೆಂಟನೆಯ ಬಾಗಿಲಿಗೆ ಬರುವಷ್ಟರಲ್ಲಿ ಬ್ರೆಡ್ಡಣ್ಣನಿಗೆ ಒಂದು ವಿಷಯ ಅರ್ಥವಾಯಿತು. ಬೀದಿಯವರಿಗೆಲ್ಲ ದೊರೆಯ ಮೇಲೆ ಪ್ರೀತಿಯಿತ್ತು, ಅನುಮಾನವೇ ಇಲ್ಲ. ಆದರೆ ಬಿಡಿಬಿಡಿಯಾಗಿ ಇತ್ತು. ಇಡಿಯಾಗಿ ಬೇಕೆನ್ನುವವನು ಅವನೊಬ್ಬನೇ.

ಅಷ್ಟರಲ್ಲಿ ಹಿಂದಿನಿಂದ ಪೀಂ ಪೀಂ ಎಂದು ಸದ್ದು. ಹಳದಿ ವ್ಯಾನು. ಹಿಂದಿನ ಗೇರ್ ಕೊನೆಗೂ ಸಿಕ್ಕಿ, ಯಜಮಾನರು ಬ್ರೆಡ್ ತುಂಬಿಕೊಂಡು ಬೀದಿಗೆ ಇಳಿದಿದ್ದರು. ಬೀದಿಯೋ ಎರಡು ಮಂಚದ ಅಗಲ. ಮುಂದೆ ಹೂವಿನ ಪರದೆ ಹೊದ್ದ ಕುದುರೆ, ಅದರ ಸುತ್ತ ಮೂವತ್ತು ಜನ.

"ಏಯ್, ದಾರಿ ಬಿಡ್ರೀ!"

ದರ್ಜಿ ಅಕ್ಕ ತಿರುಗಿದಳು. ಅವಳು ಹೊಲಿಗೆ ಬಿಟ್ಟು ಜೊತೆಗೇ ಬಂದಿದ್ದಳು. "ಸಾಯೋಕೆ ಹೊರಟಿರೋ ಜೀವದ ಹಿಂದೆ ಹಾರ್ನ್ ಹೊಡೀತೀರಲ್ಲ, ನಿಮಗೆ ಮನುಷ್ಯತ್ವ ಇದೆಯೇನ್ರೀ? ಇಳೀರಿ ಕೆಳಗೆ! ಎರಡು ಬ್ರೆಡ್ ಕೊಡಿ ಇಲ್ಲಿ, ತಟ್ಟೆ ಖಾಲಿಯಾಯ್ತು."

"ನನಗೆ ನಾಲ್ಕು," ಎಂದರು ವಕೀಲರು, ಹಿಂದೆ ಬೀಳಬಾರದೆಂದು.

ಯಜಮಾನರು ಇಳಿದರು. ಹತ್ತಿದರು, ಮತ್ತೆ ಇಳಿದರು, ಮುಂದಿನ ಬಾಗಿಲಿಗೂ ಅದೇ ಕಥೆ. ಕುದುರೆಗೆ ಎರಡು, ಮನೆಗೆ ಒಂದು, ಪಕ್ಕದ ಮನೆಯವರು ಮೂರು ತಗೊಂಡರೆಂದು ಇನ್ನೆರಡು. ವ್ಯಾನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ದೊರೆಯ ಹಿಂದೆ ಹಿಂದೆಯೇ ತೆವಳಿತು.

ಮಧ್ಯಾಹ್ನ ಕಳೆಯಿತು. ವಿಚಿತ್ರವೆಂದರೆ, ಬಾಗಿಲುಗಳು ಮುಗಿದಂತೆಲ್ಲ ದೊರೆಯ ನಡಿಗೆ ಚುರುಕಾಗುತ್ತಿತ್ತು. ಕಿವಿ ನೆಟ್ಟಗಾಗಿತ್ತು. ಮೂವತ್ತನೆಯ ಬಾಗಿಲಿನಲ್ಲಿ ಯಾರದೋ ಟೋಪಿಯನ್ನು ಹಲ್ಲಿನಿಂದ ಎತ್ತಿ ಬಿಸಾಡಿತು.

"ಅಕ್ಕಾ, ಇವನು ಹುಷಾರಾದಂಗೆ ಕಾಣ್ತಾನೆ ಅಲ್ವಾ?" ಎಂದ ಬ್ರೆಡ್ಡಣ್ಣ.

"ಹೋಗೋ ಮುಂಚೆ ಹಾಗೇ ಕಣೋ, ಮುಖಕ್ಕೊಂದು ಕಳೆ ಬರುತ್ತೆ. ನಮ್ಮತ್ತೇನೂ ಹಿಂದಿನ ದಿನ ಎದ್ದು ಕೂತು ನನ್ನ ಅಡುಗೆಗೆ ಹೆಸರಿಟ್ಟಿದ್ರು."

ಬ್ರೆಡ್ಡಣ್ಣ ಮತ್ತೆ ಕಣ್ಣೊರೆಸಿಕೊಂಡ.

ನಾಲ್ಕು ಗಂಟೆಗೆ ನಲವತ್ತೆರಡನೆಯ ಬಾಗಿಲು. ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಮಾವ ಆಗಲ್ಲ ಅಂತಾರೆ. ಕುದುರೆ ಹೂತ ಜಾಗದ ಮಣ್ಣಲ್ಲಿ ಇಟ್ಟಿಗೆ ಮಾಡಿದ್ರೆ ಯಾರು ಮನೆ ಕಟ್ತಾರೆ ಅಂತ ಕೇಳ್ತಾರೆ. ನಾನೂ ಎಷ್ಟೋ ಹೇಳ್ದೆ."

ಬ್ರೆಡ್ಡಣ್ಣ ಫೋನನ್ನು ಜೇಬಿಗಿಟ್ಟು ಕಲ್ಲಿನ ಮೇಲೆ ಕುಸಿದ. ಇನ್ನೊಂದು ಗಂಟೆಯಲ್ಲಿ ಸೂಜಿ, ಎರಡು ಗಂಟೆಯಲ್ಲಿ ಲಾರಿ. ಉಳಿದದ್ದು ಒಂದೇ ಬಾಗಿಲು, ಅದು ದೂರಿನ ಅಜ್ಜಿಯದು. ಅಲ್ಲಿ ಕೇಳುವುದಕ್ಕಿಂತ ನೇರ ಮೂಳೆ ಮಿಲ್ಲಿಗೆ ಹೋಗಿ ತಾನೂ ಜೊತೆಗೆ ಕುದಿಯುವುದು ಸುಲಭವಿತ್ತು. ಹನ್ನೊಂದು ವರ್ಷದಿಂದ ಅಜ್ಜಿ ಪ್ರತಿ ತಿಂಗಳೂ ಯಜಮಾನರಿಗೆ ಒಂದು ದೂರಿನ ಪತ್ರ ಬರೆಯುತ್ತಿದ್ದಳು: ನಿಮ್ಮ ಕುದುರೆ ನನ್ನ ತೋಟದ ಬೇಲಿ ತಿನ್ನುತ್ತಿದೆ.

ಆದರೆ ಕೇಳುವುದು ಬಿಡುವುದು ಬ್ರೆಡ್ಡಣ್ಣನ ಕೈಯಲ್ಲಿರಲಿಲ್ಲ. ದೊರೆ ತಾನಾಗಿ ಹೋಗಿ ಅಜ್ಜಿಯ ಗೇಟಿನ ಮುಂದೆ ನಿಂತಿತು. ಅಜ್ಜಿ ಊರುಗೋಲು ಹಿಡಿದು ಕಾಯುತ್ತಿದ್ದಳು.

"ಏನೋ, ಇವನನ್ನ ಸಾಯಿಸ್ತೀರಂತೆ?"

"ಹೂಂ ಅಜ್ಜಿ."

"ಜಾಗ ಸಿಕ್ಕಿತಾ?"

"ಇಲ್ಲ ಅಜ್ಜಿ."

"ನನ್ನನ್ನ ಯಾಕೆ ಕೇಳ್ಲಿಲ್ಲ?"

ಅಜ್ಜಿ ಕೋಲಿನಿಂದ ಬೇಲಿ ತೋರಿಸಿದಳು. "ಹನ್ನೊಂದು ವರ್ಷ ನನ್ನ ಬೇಲಿ ತಿಂದಿದಾನೆ. ಇವನ ಮೈಲಿ ಅರ್ಧ ನನ್ನ ಬೇಲೀನೇ ಇರೋದು. ಅದು ನನ್ನ ತೋಟಕ್ಕೇ ವಾಪಸ್ ಬರಬೇಕು. ಇಡಿಯಾಗಿ. ಒಂದು ಕೂದಲು ಆಚೆ ಹೋದ್ರೂ ಎಲ್ಲರ ಮೇಲೂ ದೂರು ಬರೀತೀನಿ." ಪಿಟೀಲು ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿ ದನಿ ತಗ್ಗಿಸಿ ಬ್ರೆಡ್ಡಣ್ಣನಿಗೆ ಮಾತ್ರ ಕೇಳುವಂತೆ ಹೇಳಿದಳು: "ಎರಡು ತಿಂಗಳಾಯ್ತು ಬೇಲಿ ಮುಟ್ಟಿ. ಆಗಲೇ ಅಂದ್ಕೊಂಡೆ, ಏನೋ ಆಗಿದೆ ಇವನಿಗೆ ಅಂತ. ದಿನಾ ಬೆಳಿಗ್ಗೆ ಇವನನ್ನ ಬೈಯೋಕೆ ಅಂತಲೇ ಏಳ್ತಿದ್ದೆ ಕಣೋ. ನಾಳೆಯಿಂದ ಯಾತಕ್ಕೆ ಏಳ್ಲಿ ಹೇಳು?"

ಬ್ರೆಡ್ಡಣ್ಣನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಎದೆಯ ಮೇಲಿನ ಕಲ್ಲು ಇಳಿದು ಹೋಯಿತು. ದೊರೆ ಅಂಟಾಗುವುದಿಲ್ಲ, ಕಮಾನಾಗುವುದಿಲ್ಲ, ದೊರೆಯಾಗಿಯೇ ಇರುತ್ತದೆ.

ಗುದ್ದಲಿಗಳು ಬಂದವು. ಬೀದಿಯ ಗಂಡಸರು ಒಬ್ಬರ ಗುದ್ದಲಿ ಇನ್ನೊಬ್ಬರ ಕಾಲಿಗೆ ತಾಗಿಸಿಕೊಳ್ಳುತ್ತ ಅಗೆದರು. ದರ್ಜಿ ಅಕ್ಕ ಟೇಪು ಹಿಡಿದು, "ಇನ್ನರ್ಧ ಅಡಿ, ಆ ಕಡೆ ಸೊಟ್ಟ ಆಯ್ತು," ಎಂದು ಮೇಲ್ವಿಚಾರಣೆ ಮಾಡಿದಳು. ಐದು ಹೊಡೆಯುವುದಕ್ಕೂ ಗುಂಡಿ ಮುಗಿಯುವುದಕ್ಕೂ ಯಜಮಾನರ ಫೋನಿನಿಂದ ಜಾಗ ತಿಳಿದ ಡಾಕ್ಟ್ರಮ್ಮ ಚೀಲ ಹಿಡಿದು ಅಲ್ಲಿಗೇ ಬರುವುದಕ್ಕೂ ಸರಿಹೋಯಿತು.

"ಸ್ವಲ್ಪ ಹೊತ್ತು ಕೊಡಿ ಡಾಕ್ಟ್ರಮ್ಮ," ಎಂದ ಬ್ರೆಡ್ಡಣ್ಣ. ದೊರೆಯ ಕುತ್ತಿಗೆಗೆ ಹಣೆ ಆನಿಸಿ ನಿಂತ. ಹಿಟ್ಟಿನ ವಾಸನೆ, ಬೆವರಿನ ವಾಸನೆ, ಹತ್ತೊಂಬತ್ತು ವರ್ಷದ ಮುಂಜಾವುಗಳ ವಾಸನೆ. "ತಪ್ಪಾಗಿದ್ರೆ ಮನ್ನಿಸು ಕಣೋ," ಎಂದ ಮೆಲ್ಲಗೆ. "ಏರಿನಲ್ಲಿ ನಾನೂ ಗಾಡಿ ತಳ್ಳಬೇಕಾಗಿತ್ತು. ಎಷ್ಟೋ ಸಲ ತಳ್ಳೋ ಹಾಗೆ ನಾಟಕ ಆಡಿದೀನಿ. ನಿನಗೆ ಗೊತ್ತಿತ್ತು ಅಲ್ವಾ?"

ಬೀದಿಯವರು ತಲೆ ತಗ್ಗಿಸಿದರು. ಯಜಮಾನರೂ ಕರವಸ್ತ್ರ ತೆಗೆದರು. ಹೊಟ್ಟೆತುಂಬ ತಿಂದು ತೂಕಡಿಸುತ್ತಿದ್ದ ದೊರೆ ಆ ಗಂಭೀರ ಗಳಿಗೆಯಲ್ಲಿ ಬಾಯಿ ಅಗಲಿಸಿ, ಹತ್ತು ಜನ ಆಕಳಿಸಿದಷ್ಟು ದೊಡ್ಡದಾಗಿ ಆಕಳಿಸಿತು.

ಸೂಜಿ ಎತ್ತಿದ್ದ ಡಾಕ್ಟ್ರಮ್ಮ ತಟ್ಟನೆ ನಿಂತರು. "ತಡೀರಿ ತಡೀರಿ. ಯಾರಾದ್ರೂ ಟಾರ್ಚ್ ಹಿಡೀರಿ. ಈ ಬಾಯಿ ಯಾರಾದ್ರೂ ನೋಡಿದೀರಾ?"

"ಬಾಯಿಗೆ ಕೈ ಹಾಕಿದವರ ಬೆರಳು ಕಚ್ಚುತ್ತೆ ಡಾಕ್ಟ್ರಮ್ಮ," ಎಂದರು ಯಜಮಾನರು. "ಹತ್ತು ವರ್ಷದಿಂದ ಯಾರೂ ಆ ಕಡೆ ಹೋಗಿಲ್ಲ."

ಡಾಕ್ಟ್ರಮ್ಮ ದೊರೆಯ ನಾಲಿಗೆಯನ್ನು ಪಕ್ಕಕ್ಕೆ ಹಿಡಿದು ಒಳಗೆ ಬಗ್ಗಿ ನೋಡಿದರು. "ನೋಡಿ ಇಲ್ಲಿ. ದವಡೆ ಹಲ್ಲೊಂದು ಚೂಪಾಗಿ ಬೆಳೆದು ಕೆನ್ನೆ ಕೊಯ್ತಾ ಇದೆ. ಉಳಿದವು ಸವೆದು ಹೋಗಿವೆ. ಹುಲ್ಲು ಅಗಿಯೋಕೆ ಆಗದೆ ಉಗುಳುತ್ತೆ, ಅಷ್ಟೆ. ಕಾಯಿಲೆ ಅಲ್ಲ ಕಣ್ರೀ ಇದು, ಬರೀ ಹಸಿವು. ಇವತ್ತೇನು ತಿಂತು?"

"ನೆನೆಸಿದ ಬ್ರೆಡ್ಡು," ಎಂದರು ನಲವತ್ತು ಜನ ಒಂದೇ ದನಿಯಲ್ಲಿ.

"ಹೊಟ್ಟೆನೋವು ಬರದೇ ಇದ್ದದ್ದು ಅದರ ಅದೃಷ್ಟ. ಇನ್ಮೇಲೆ ಬ್ರೆಡ್ ಬೇಡ. ನುಚ್ಚು, ತೌಡು ಮೆತ್ತಗೆ ನೆನೆಸಿ ದಿನಕ್ಕೆ ನಾಲ್ಕು ಸಲ ಕೊಡಿ. ಇನ್ನೂ ನಾಲ್ಕೈದು ವರ್ಷಕ್ಕೆ ಏನೂ ಮೋಸ ಇಲ್ಲ." ಸೂಜಿಯನ್ನು ಚೀಲಕ್ಕೆ ಹಾಕಿ ಅರವೊಂದನ್ನು ತೆಗೆದು, ಬಡಗಿ ಬಾಗಿಲು ಉಜ್ಜುವಂತೆ ಆ ಹಲ್ಲನ್ನು ಗರಗರ ಉಜ್ಜಿ ನುಣ್ಣಗೆ ಮಾಡಿದರು.

ಬ್ರೆಡ್ಡಣ್ಣ ಅತ್ತನೋ ನಕ್ಕನೋ ಅವನಿಗೇ ತಿಳಿಯಲಿಲ್ಲ. ಗುಂಡಿಯ ಅಂಚಿನಲ್ಲಿ ದೊಪ್ಪನೆ ಕೂತು ಎರಡನ್ನೂ ಒಟ್ಟಿಗೆ ಮಾಡಿದ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಗಿನಿಂದ ಸುರಿಸಿದ ಕಣ್ಣೀರನ್ನು ಈಗ ಯಾವ ಲೆಕ್ಕಕ್ಕೆ ಹಾಕುವುದೆಂದು ಯಾರಿಗೂ ತೋಚಲಿಲ್ಲ. ಮೊದಲು ದರ್ಜಿ ಅಕ್ಕ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಪಿಟೀಲು ಮೇಷ್ಟ್ರು ಮಾತ್ರ ಸ್ವಲ್ಪ ತಡವಾಗಿ ನಕ್ಕರು.

"ಈ ಗುಂಡಿ ಏನ್ ಮಾಡೋದು ಅಜ್ಜಿ? ಮುಚ್ಚಿಬಿಡ್ಲಾ?" ಎಂದು ಯಾರೋ ಕೇಳಿದರು.

"ಇರ್ಲಿ ಬಿಡಿ," ಎಂದಳು ಅಜ್ಜಿ, ಯಜಮಾನರ ಕಡೆ ನೋಡುತ್ತ. "ಲಾರಿ ಕರೆಸಿದವರಿಗೆ ಆಗುತ್ತೆ."

ಆರಕ್ಕೆ ಅಲ್ಲಿಗೇ ಹುಡುಕಿಕೊಂಡು ಬಂದ ಮೂಳೆ ಮಿಲ್ಲಿನ ಲಾರಿಯವನು ಬಂದ ದಾರಿಗೆ ಸುಂಕವಿಲ್ಲದೆ ಹೋದ. ಹೋಗುವ ಮುಂಚೆ ದೊರೆ ಅವನ ಲಾರಿಯ ಕನ್ನಡಿಯನ್ನು ನೆಕ್ಕಿತು.

ಯಜಮಾನರು ಮಾತ್ರ ಖಾಲಿ ವ್ಯಾನಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ನಿಂತಿದ್ದರು. ಕೊನೆಗೆ ಬ್ರೆಡ್ಡಣ್ಣನನ್ನು ಕರೆದರು.

"ನೋಡಯ್ಯ, ತಂದದ್ದೆಲ್ಲ ಖಾಲಿ. ಒಂದು ಬನ್ನೂ ಉಳಿದಿಲ್ಲ. ನಮ್ಮಪ್ಪನ ಕಾಲದಲ್ಲೂ ಹೀಗೆ ಆಗಿದ್ದಿಲ್ಲ. ಈ ಜನ ಹಾರ್ನ್ ಕೇಳಿದ್ರೆ ಬೈತಾರೆ, ಗೊರಸು ಕೇಳಿದ್ರೆ ಬಾಗಿಲು ತೆಗೀತಾರೆ. ವ್ಯಾನನ್ನ ನಾನು ಹೊಸ ಬಡಾವಣೆಗೆ ಓಡಿಸ್ಕೋತೀನಿ. ಈ ಬೀದಿಗೆ ದೊರೆನೇ ಬರಬೇಕು."

"ಅಂದ್ರೆ ನಾನು ವ್ಯಾನಲ್ಲಿ..."

"ನೀನು ವ್ಯಾನಲ್ಲಿ ಕೂತ್ರೆ ದೊರೆ ಜೊತೆ ಯಾರು ಬರ್ತಾರೆ?"

ಡಾಕ್ಟ್ರಮ್ಮ ಸ್ಕೂಟರಿನ ಮೇಲಿಂದಲೇ ತಿರುಗಿ ಕೂಗಿದರು: "ದಿನಾ ನಡೆಸಿ, ಒಳ್ಳೇದು. ಆದ್ರೆ ಭಾರ ಎಳೆಸಬಾರದು! ಒಂದು ಬುಟ್ಟೀನೂ ಹೊರಿಸಬಾರದು!"

"ಛೆ ಛೆ, ಎಳೆಸೋದುಂಟೇ?" ಎಂದರು ಯಜಮಾನರು. "ಸುಮ್ಮನೆ ಮುಂದೆ ನಡೀಲಿ ಸಾಕು."

"ಮತ್ತೆ ಗಾಡಿ?" ಎಂದು ಕೇಳಿದ ಬ್ರೆಡ್ಡಣ್ಣ.

ಯಜಮಾನರು ಅವನ ಭುಜದಿಂದ ಭುಜಕ್ಕೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ದರ್ಜಿ ಅಕ್ಕನ ಟೇಪು ಇಸಿದುಕೊಂಡರು.

ಮರುದಿನ ಬೆಳಗಾಗುವ ಮುಂಚೆಯೇ ಎದ್ದು ನುಚ್ಚು ಬೇಯಿಸಿ, ಆರಿಸಿ, ಉಣಿಸಿ, ಬ್ರೆಡ್ಡಣ್ಣ ಗಾಡಿಯ ಎರಡು ಮೂಕಿಗಳ ನಡುವೆ, ಕುದುರೆ ಕಟ್ಟುವ ಜಾಗದಲ್ಲಿ, ನಿಂತ. ಭುಜಕ್ಕೆ ಒತ್ತದಂತೆ ಹೆಂಡತಿ ಹಳೆಯ ದಿಂಬನ್ನು ಪಟ್ಟಿಗೆ ಕಟ್ಟಿಕೊಟ್ಟಿದ್ದಳು. ಮುಂದೆ ದೊರೆ, ಬೆನ್ನ ಮೇಲೆ ಏನೂ ಇಲ್ಲದೆ, ಟಕ್ ಟಕ್ ಎಂದು ಗಾಳಿಸವಾರಿ ಹೊರಟ ದೊಡ್ಡ ಮನುಷ್ಯರಂತೆ ನಡೆಯುತ್ತಿತ್ತು. ಬೆನ್ನು ಬಿಲ್ಲಾಗಿ ಏದುಸಿರು ಬಿಡುತ್ತಿದ್ದರೂ, ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ಬ್ರೆಡ್ಡಣ್ಣನ ಮನಸ್ಸು ಹತ್ತಿಯಂತೆ ಹಗುರಾಗುತ್ತಿತ್ತು. ಮನಸ್ಸೊಂದೇ.

ಮೊದಲ ಬಾಗಿಲಲ್ಲಿ ದೊರೆ ನಿಂತಿತು. ದರ್ಜಿ ಅಕ್ಕ ಹೊರಗೆ ಬಂದು, ಎರಡೂ ಕೈಗಳನ್ನು ಎದೆಗಿಟ್ಟುಕೊಂಡಳು.

"ಅಯ್ಯೋ ಪಾಪ! ಈ ವಯಸ್ಸಲ್ಲೂ ಇವನಿಗೆ ದುಡಿಯೋದು ತಪ್ಪಲಿಲ್ಲವಲ್ಲಪ್ಪ!"

ಮೂಕಿಗಳ ನಡುವಿನಿಂದ ಬ್ರೆಡ್ಡಣ್ಣ ಬೆವರು ತುಂಬಿದ ಮುಖವನ್ನು ಕೃತಜ್ಞತೆಯಿಂದ ಮೇಲೆತ್ತಿದ. ಅಕ್ಕ ದೊರೆಯ ಹಣೆ ಸವರುತ್ತಿದ್ದಳು.